ಡೇನಿಯಲ್ ಬೂನನ ಮನೆತನವೂ ನೆಲದ ಹಕ್ಕೂ

ಅಮೆರಿಕೆಯ ಸಂಯುಕ್ತ ಸಂಸ್ಥಾನಗಳ ಇತಿಹಾಸದಲ್ಲಿ ಕೆಂಟಕಿ ಪ್ರಾಂತಕ್ಕೆ ದಾರಿ ಕಡಿದವನೆಂದು ಡೇನಿಯಲ್ ಬೂನನ ಹೆಸರು ದೊಡ್ಡದು. ಸಾವಿರಾರು ಕುಟುಂಬಗಳು ಅವನು ತೋರಿದ ದಾರಿಯಲ್ಲಿ ನಡೆದು ಹೊಲಮನೆ ಮಾಡಿಕೊಂಡವು. ಆದರೆ 1820ರ ಸೆಪ್ಟೆಂಬರ್ 26ರಂದು ಅವನು ಕಣ್ಣು ಮುಚ್ಚಿದ್ದು ಕೆಂಟಕಿಯಲ್ಲಲ್ಲ, ಮಿಸೌರಿಯಲ್ಲಿ. ತನ್ನ ಮನೆಯಲ್ಲಲ್ಲ, ಕಿರಿಯ ಮಗನ ಮನೆಯಲ್ಲಿ. ಆ ಹೊತ್ತಿಗೆ ಅವನದೆಂದು ಹೇಳಿಕೊಳ್ಳುವಷ್ಟು ನೆಲ ಎಲ್ಲಿಯೂ ಉಳಿದಿರಲಿಲ್ಲ. ನೆರೆಮನೆಯ ಹೊಗೆ ಕಂಡರೆ ಸಾಕು, ಗಂಟುಮೂಟೆ ಕಟ್ಟಿ ಮುಂದಿನ ಕಾಡಿಗೆ ಹೊರಡುವ ಏಕಾಂತಪ್ರಿಯನೆಂದು ಜನ ಅವನನ್ನು ಬಣ್ಣಿಸಿದ್ದಾರೆ. ಕಥೆಯೇನೋ ಸೊಗಸಾಗಿದೆ. ಆದರೆ ಅವನನ್ನು ಓಡಿಸಿದ್ದು ಹೊಗೆಯಲ್ಲ, ಕಾಗದಪತ್ರ.

ಬೂನನ ತಂದೆ ಸ್ಕ್ವಯರ್ ಬೂನ್ ಇಂಗ್ಲೆಂಡಿನ ಡೆವನ್ ಸೀಮೆಯಿಂದ ಬಂದ ನೇಕಾರ, ಕ್ವೇಕರ್ ಪಂಥದವನು. ಡೇನಿಯಲ್ ಹುಟ್ಟಿದ್ದು 1734ರಲ್ಲಿ, ಪೆನ್ಸಿಲ್ವೇನಿಯದಲ್ಲಿ. 1750ರ ಸುಮಾರಿಗೆ ಮನೆಮಂದಿಯೆಲ್ಲ ದಕ್ಷಿಣಕ್ಕೆ, ಉತ್ತರ ಕ್ಯಾರೊಲೈನದ ಯಾಡ್ಕಿನ್ ಕಣಿವೆಗೆ ಸರಿದರು. ಅವನ ಕಾಗುಣಿತ ಕೊನೆಯವರೆಗೂ ಕೆಟ್ಟದ್ದೇ. ಅಕ್ಷರ ಹೆಣ್ಣುಮಕ್ಕಳು ಕಲಿಯಲಿ, ಡೇನಿಯಲನಿಗೆ ಬೇಟೆ ಸಾಕು ಎಂದು ತಂದೆ ಹೇಳಿದನೆಂಬ ಮಾತು ಆ ಮನೆತನದಲ್ಲಿ ಉಳಿದಿದೆ. ಅಧ್ಯಾಪಕರಾದ ನಮಗೆ ನಗು ಬರುವ ಮಾತು. ಮುಂದೆ ಆ ಮನೆಗೆ ಅದು ನಗುವಿನ ವಿಷಯವಾಗಲಿಲ್ಲ.

1756ರಲ್ಲಿ ಅವನು ರೆಬೆಕ ಬ್ರಯನ್ ಎಂಬ ಹದಿನೇಳರ ಹುಡುಗಿಯನ್ನು ಮದುವೆಯಾದನು. ಅವರಿಗೆ ಹತ್ತು ಮಕ್ಕಳು. ಇವರಲ್ಲದೆ ಗಂಡನ ಅನಾಥ ಸೋದರಪುತ್ರರು, ತವರಿನ ಕಡೆಯ ತಾಯಿಯಿಲ್ಲದ ಮಕ್ಕಳು, ಎಲ್ಲರೂ ಅವಳ ಒಲೆಯ ಮುಂದೆಯೇ ಬೆಳೆದರು. ಗಂಡನಾದರೋ ಜಿಂಕೆಯ ತೊಗಲಿಗಾಗಿ ಶರತ್ಕಾಲದಲ್ಲಿ ಹೊರಟರೆ ವಸಂತಕ್ಕೆ ಮರಳುವವನು. 1769ರಲ್ಲಿ ಕೆಂಟಕಿಗೆ ಹೋದವನು ತಿರುಗಿ ಬಂದದ್ದು 1771ರಲ್ಲಿ. ಅಷ್ಟು ಕಾಲದ ಗಳಿಕೆಯಲ್ಲಿ ಬಹುಭಾಗವನ್ನು ಶಾನೀ ಜನರು ಕಿತ್ತುಕೊಂಡಿದ್ದರು. ಅವರ ದೃಷ್ಟಿಯಲ್ಲಿ ಅದು ಕಳವಲ್ಲ. ಅದು ಅವರು ಬೇಟೆಯಾಡುತ್ತಿದ್ದ ನಾಡು. 1768ರ ಒಪ್ಪಂದದಲ್ಲಿ ಅದನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟವರು ಇರೋಕ್ವಾ ಜನರೇ ಹೊರತು ಶಾನೀಗಳಲ್ಲ. ಬೆಟ್ಟಸಾಲಿನಾಚೆ ನೆಲಸಕೂಡದೆಂದು ಇಂಗ್ಲೆಂಡಿನ ದೊರೆ 1763ರಲ್ಲಿಯೇ ಘೋಷಿಸಿದ್ದನು. ಆ ನೆಲದ ಹಕ್ಕು ಮೊದಲ ದಿನದಿಂದಲೂ ವ್ಯಾಜ್ಯದಲ್ಲಿತ್ತೆಂಬುದನ್ನು ಇಲ್ಲಿ ನೆನಪಿಡಬೇಕು.

1773ರಲ್ಲಿ ಬೂನನು ಹೆಂಡತಿ ಮಕ್ಕಳೊಡನೆ ಕೆಂಟಕಿಗೆ ಹೊರಟನು. ಅಕ್ಟೋಬರ್ 10ರಂದು, ಹಿಂದೆ ಬರುತ್ತಿದ್ದ ಸಣ್ಣ ತಂಡದ ಮೇಲೆ ಮೂಲನಿವಾಸಿಗಳು ಎರಗಿದರು. ಹದಿನಾರು ವರ್ಷದ ಹಿರಿಮಗ ಜೇಮ್ಸ್ ಚಿತ್ರಹಿಂಸೆಗೆ ಸಿಕ್ಕಿ ಸತ್ತನು. ರೆಬೆಕ ಮಗನ ಶವಕ್ಕೆ ಸುತ್ತಲೆಂದು ತನ್ನ ಬಟ್ಟೆಯನ್ನು ಕಳುಹಿಸಿದಳೆಂದು ಮನೆಯವರು ಹೇಳುತ್ತಿದ್ದರು. ಪಯಣ ಅಲ್ಲಿಗೇ ನಿಂತಿತು.

1775ರಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ನೆಲದ ವ್ಯಾಪಾರಿ ಚೆರೋಕಿ ಮುಖಂಡರಿಂದ ಕೆಂಟಕಿಯ ಬಹುಭಾಗವನ್ನು ಕೊಂಡೆನೆಂದು ಸಾರಿದನು. ಅವನಿಗಾಗಿ ಬೂನನು ಸುಮಾರು ಮೂವತ್ತು ಕೊಡಲಿಯಾಳುಗಳೊಡನೆ ಕಂಬರ್‌ಲೆಂಡ್ ಕಣಿವೆಯ ಮೂಲಕ ದಾರಿ ಕಡಿದನು. ಆಗ ತಾನೇ ಮದುವೆಯಾಗಿದ್ದ ಮಗಳು ಸುಸಾನಳೂ ಆ ತಂಡದಲ್ಲಿದ್ದಳು. ಬೂನ್ಸ್‌ಬರೊ ಕೋಟೆ ಎದ್ದಿತು. ಆದರೆ ಹೆಂಡರ್ಸನನ ಕ್ರಯವನ್ನೇ 1778ರಲ್ಲಿ ವರ್ಜಿನಿಯ ಸರಕಾರ ರದ್ದುಮಾಡಿತು. ಅದರ ಆಧಾರದ ಮೇಲೆ ಬೂನನಿಗೆ ಬರಬೇಕಾಗಿದ್ದ ನೆಲವೂ ಗಾಳಿಗೆ ಹೋಯಿತು.

ಮುಂದಿನ ವರ್ಷಗಳು ಮನೆತನಕ್ಕೆ ಬೆಂಕಿಯ ವರ್ಷಗಳು. 1776ರ ಜುಲೈ 14ರಂದು ಹೊಳೆಯಲ್ಲಿ ದೋಣಿಯಾಡುತ್ತಿದ್ದ ಮಗಳು ಜೆಮೈಮಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಶಾನೀ ಮತ್ತು ಚೆರೋಕಿ ಯೋಧರು ಹಿಡಿದೊಯ್ದರು. ಎರಡು ದಿನ ಜಾಡು ಹಿಡಿದು ತಂದೆ ಬಿಡಿಸಿ ತಂದನು. 1778ರ ಫೆಬ್ರವರಿಯಲ್ಲಿ ಉಪ್ಪು ಕಾಯಿಸಲು ಹೋದವರೊಡನೆ ಅವನೇ ಸೆರೆಸಿಕ್ಕನು. ಶಾನೀ ಮುಖಂಡ ಬ್ಲ್ಯಾಕ್‌ಫಿಶ್ ಅವನನ್ನು ದತ್ತುಮಗನನ್ನಾಗಿ ಮಾಡಿಕೊಂಡು ಶೆಲ್ಟೋವಿ, ಎಂದರೆ ದೊಡ್ಡ ಆಮೆ, ಎಂದು ಹೆಸರಿಟ್ಟನು. ಜೂನ್ ತಿಂಗಳಲ್ಲಿ ತಪ್ಪಿಸಿಕೊಂಡು ನಾಲ್ಕು ದಿನದಲ್ಲಿ 160 ಮೈಲಿ ಕ್ರಮಿಸಿ ಕೋಟೆಗೆ ಬಂದರೆ, ಹೆಂಡತಿ ಇಲ್ಲ. ಗಂಡ ಸತ್ತನೆಂದೇ ನಂಬಿ ಆಕೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿಬಿಟ್ಟಿದ್ದಳು. ತಂದೆ ಬಂದೇ ಬರುವನೆಂದು ಕೋಟೆಯಲ್ಲಿ ಉಳಿದಿದ್ದವಳು ಜೆಮೈಮ ಒಬ್ಬಳೇ. ಸೆಪ್ಟೆಂಬರಿನಲ್ಲಿ ಕೋಟೆಗೆ ಮುತ್ತಿಗೆ ಬಿತ್ತು, ಕೋಟೆ ಉಳಿಯಿತು. ಉಳಿಸಿದವನ ಮೇಲೆಯೇ ಶತ್ರುವಿಗೆ ಶರಣಾದನೆಂದು ಸೇನಾವಿಚಾರಣೆ ನಡೆಯಿತು. ಅವನು ನಿರ್ದೋಷಿಯೆಂದು ತೀರ್ಪಾಗಿ ಬಡ್ತಿಯೂ ಸಿಕ್ಕಿತು. 1782ರ ಆಗಸ್ಟ್ 19ರಂದು ಬ್ಲೂ ಲಿಕ್ಸ್ ಕಾಳಗದಲ್ಲಿ ಎರಡನೆಯ ಮಗ ಇಸ್ರೇಲ್ ತಂದೆಯ ಕಣ್ಣೆದುರಿಗೇ ಬಿದ್ದನು.

ಇಬ್ಬರು ಗಂಡುಮಕ್ಕಳನ್ನು ತೆತ್ತು ಪಡೆದ ನಾಡಿನಲ್ಲಿ ನೆಲ ನಿಲ್ಲಲಿಲ್ಲವೇಕೆ? ವರ್ಜಿನಿಯದ 1779ರ ಕಾಯಿದೆಯಂತೆ ಮೊದಲು ಹಕ್ಕುಚೀಟಿ ಕೊಳ್ಳಬೇಕು, ನೆಲ ಇಂಥದೆಂದು ದಫ್ತರದಲ್ಲಿ ಬರೆಯಿಸಬೇಕು, ಮೋಜಣಿ ಮಾಡಿಸಬೇಕು, ಕಡೆಗೆ ಪಟ್ಟಾ ಬರಬೇಕು. ಸರಕಾರ ಮೊದಲೇ ನಾಡನ್ನು ಅಳೆದಿರಲಿಲ್ಲ. ಚಕ್ಕುಬಂದಿಯೆಂದರೆ ಇಂಥ ಹಳ್ಳದ ಕವಲು, ಇಂಥ ಗುರುತು ಕೆತ್ತಿದ ಮರ. ಮರ ಉರುಳಿದರೆ ಮೇರೆ ಹೋಯಿತು. ಒಂದೇ ಜಮೀನಿಗೆ ಮೂವರು ನಾಲ್ವರು ಹಕ್ಕುದಾರರು ಹುಟ್ಟಿಕೊಂಡರು. ನೆಲ ಗೊತ್ತಿದ್ದವನು ಬೂನ್. ಗೆದ್ದವರು ಕಾನೂನು ಗೊತ್ತಿದ್ದವರು. 1780ರಲ್ಲಿ ತನ್ನ ಹಣದೊಡನೆ ನೆರೆಯವರ ಹಣವನ್ನೂ ಹೊತ್ತು ಹಕ್ಕುಚೀಟಿ ಕೊಳ್ಳಲು ಹೊರಟವನು ದಾರಿಯ ಛತ್ರವೊಂದರಲ್ಲಿ ಅಷ್ಟನ್ನೂ ಕಳೆದುಕೊಂಡನು. ಆ ಸಾಲ ತೀರಿಸಲು ವರ್ಷಗಳು ಹಿಡಿದವು.

ಅವನನ್ನು ಬರಿಯ ಮುಗ್ಧನೆಂದು ಮರುಗುವುದೂ ಸರಿಯಲ್ಲ. ಅವನೇ ಮೋಜಣಿದಾರನಾಗಿ ಇತರರ ನೆಲ ಅಳೆದನು. ಆ ಅಳತೆಗಳಲ್ಲಿಯೂ ದೋಷವಿತ್ತೆಂದು ದಾವೆಗಳಾದವು. ನೆಲದ ಬೆಲೆ ಏರುವುದೆಂದು ಹೂಡಿದ ಜೂಜಿನಲ್ಲಿ ಅವನೂ ಪಾಲುಗಾರ. 1787ರಲ್ಲಿ ಅವನ ಬಳಿ ಏಳು ಮಂದಿ ಗುಲಾಮರಿದ್ದರು. 1798ರಲ್ಲಿ ಕೆಂಟಕಿ ಶಾಸನಸಭೆ ಒಂದು ಜಿಲ್ಲೆಗೆ ಅವನ ಹೆಸರಿಟ್ಟಿತು. ಅದೇ ವರ್ಷ, ಸಾಕ್ಷಿಗೆ ಹಾಜರಾಗಲಿಲ್ಲವೆಂದು ಅವನ ಮೇಲೆ ದಸ್ತಗಿರಿಯ ವಾರಂಟ್ ಹೊರಟಿತು.

1799ರಲ್ಲಿ, ಅರವತ್ತೈದರ ಮುದುಕ, ಮಕ್ಕಳೊಡನೆ ದೇಶವನ್ನೇ ಬಿಟ್ಟು ಸ್ಪೇನಿನ ಆಳ್ವಿಕೆಯಲ್ಲಿದ್ದ ಮಿಸೌರಿಗೆ ಹೊರಟನು. ಅಲ್ಲಿ ಸುಮಾರು 850 ಎಕರೆ ನೆಲ, ನ್ಯಾಯ ಹೇಳುವ ಸಿಂಡಿಕ್ ಪದವಿ, ಎರಡೂ ದೊರೆತವು. ಮರದ ಕೆಳಗೆ ಕುಳಿತು ಪಂಚಾಯಿತಿ ನಡೆಸುತ್ತಿದ್ದನಂತೆ. ಆದರೆ 1803ರಲ್ಲಿ ಅಮೆರಿಕೆಯು ಆ ಪ್ರದೇಶವನ್ನೇ ಕೊಂಡುಕೊಂಡಿತು. ಗಡಿಯನ್ನು ದಾಟಿ ಹೋದವನನ್ನು ಗಡಿಯೇ ಹಿಂಬಾಲಿಸಿ ಬಂದು ದಾಟಿತು. ಕುಳಿತಲ್ಲಿಯೇ ಬೇರೊಂದು ಸರಕಾರದ ಕಚೇರಿಗೆ ಅರ್ಜಿ ಹಿಡಿದು ನಿಲ್ಲಬೇಕಾದವರ ಪಾಡನ್ನು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ನೆಲದಲ್ಲಿ ವಾಸವಿದ್ದು ಸಾಗುವಳಿ ಮಾಡಿರಬೇಕೆಂಬ ನಿಯಮವಿತ್ತು. ಸಿಂಡಿಕನಿಗೆ ಅದು ಬೇಡವೆಂದು ಸ್ಪೇನಿನ ಅಧಿಕಾರಿ ಬಾಯಿಮಾತಿನಲ್ಲಿ ಹೇಳಿದ್ದನು. ಬಾಯಿಮಾತು ಅಧಿಕಾರಿಯೊಡನೆ ಹೋಯಿತು. ಹೊಸ ಸರಕಾರ ಹಕ್ಕನ್ನು ತಳ್ಳಿಹಾಕಿತು. 1814ರಲ್ಲಿ ಅಮೆರಿಕೆಯ ಸಂಸತ್ತು ನೆಲವನ್ನು ಮರಳಿ ಕೊಟ್ಟಾಗ, ಕೆಂಟಕಿಯ ಹಳೆಯ ಸಾಲಗಾರರಿಗೆ ತೀರಿಸಲೆಂದು ಅದರ ಬಹುಭಾಗವನ್ನು ಅವನು ಮಾರಿದನು. ಅದನ್ನು ಕಾಣಲು ರೆಬೆಕ ಇರಲಿಲ್ಲ. 1813ರ ಮಾರ್ಚ್ 18ರಂದು ತೀರಿಕೊಂಡಿದ್ದಳು.

ಆಕೆ ಬರೆದ ಒಂದು ಸಾಲೂ ನಮಗಿಲ್ಲ. ದಸ್ತಾವೇಜುಗಳಲ್ಲಿ ಸಹಿಯ ಬದಲು ಗುರುತು ಹಾಕುತ್ತಿದ್ದಳು. 1784ರಲ್ಲಿ ಜಾನ್ ಫಿಲ್ಸನ್ ಬರೆದ ಪುಸ್ತಕ ಬೂನನನ್ನು ಲೋಕಪ್ರಸಿದ್ಧನನ್ನಾಗಿ ಮಾಡಿತು. ಆದರೆ ಅದರ ಅಲಂಕಾರದ ಭಾಷೆ ಬೇಟೆಗಾರನದಲ್ಲ, ಫಿಲ್ಸನನದೇ. ಮನೆಯೊಳಗಿನ ಸಂಗತಿಗಳು ನಮಗೆ ಸಿಕ್ಕಿರುವುದು ಬಹಳವಾಗಿ ಲೈಮನ್ ಡ್ರೇಪರನೆಂಬ ಸಂಗ್ರಾಹಕನಿಂದ. 1851ರಲ್ಲಿ ಅವನು ಕಿರಿಮಗ ನೇಥನನನ್ನೂ ಅವನ ಹೆಂಡತಿ ಆಲಿವಳನ್ನೂ ಕೂರಿಸಿಕೊಂಡು ಕೇಳಿ ಕೇಳಿ ಬರೆದುಕೊಂಡನು. ನೇಥನ್ ಹುಟ್ಟಿದ್ದೇ 1781ರಲ್ಲಿ. ಜೇಮ್ಸನ ಸಾವು ಅವನಿಗೆ ತಾಯಿಯ ಬಾಯಿಂದ ಕೇಳಿದ ಕಥೆ. ಓದುವಾಗ ಈ ಅಂತರವನ್ನು ಲೆಕ್ಕಕ್ಕೆ ಹಿಡಿಯಬೇಕು.

ಗಂಡಹೆಂಡಿರನ್ನು ಮಿಸೌರಿಯ ಒಂದು ಹೊಲದ ದಿಬ್ಬದಲ್ಲಿ ಅಕ್ಕಪಕ್ಕದಲ್ಲಿ ಹೂಳಿದ್ದರು. ಬದುಕಿದ್ದಾಗ ನೆಲ ಕೊಡದ ಕೆಂಟಕಿಯವರು 1845ರಲ್ಲಿ ಬಂದು, ಇಬ್ಬರ ಎಲುಬುಗಳನ್ನೂ ಅಗೆದು ಒಯ್ದು ಫ್ರಾಂಕ್‌ಫರ್ಟ್ ನಗರದಲ್ಲಿ ವೈಭವದಿಂದ ಸಮಾಧಿ ಮಾಡಿದರು. ಅಗೆದದ್ದು ಬೇರೆ ಯಾರದೋ ಗೋರಿಯೆಂದು ಮಿಸೌರಿಯಲ್ಲಿ ಹೇಳುತ್ತ ಬಂದರು. ಆ ಸ್ಮಶಾನದಲ್ಲಿ ಗುರುತಿನ ಕಲ್ಲಿಲ್ಲದೆ ಗುಲಾಮರನ್ನೂ ಹೂಳಿದ್ದರು. ಆಗ ತೆಗೆದಿಟ್ಟಿದ್ದ ತಲೆಬುರುಡೆಯ ಗಾರೆಯಚ್ಚನ್ನು 1983ರಲ್ಲಿ ಪರೀಕ್ಷಿಸಿದ ಕೆಂಟಕಿಯ ತಜ್ಞನು, ಅದು ನೀಗ್ರೋ ಮೂಲದವನೊಬ್ಬನದಿರಬಹುದೆಂದು ಅಭಿಪ್ರಾಯಪಟ್ಟನು. ಅದು ಖಚಿತ ನಿರ್ಣಯವಲ್ಲ. ಇಂದಿಗೂ ಎರಡು ರಾಜ್ಯಗಳಲ್ಲಿಯೂ ಬೂನನ ಸಮಾಧಿಯ ಕಲ್ಲು ಇದೆ.