ಊರ ಕಾವಲು: ಅಂದು ಮತ್ತು ಇಂದು

ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ಸಾಲ, ಗೊಬ್ಬರ, ಷೇರಿನ ಲೆಕ್ಕ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾವು ಊರ ಕಾವಲಿನ ಚರಿತ್ರೆ ಹೇಳೋಣ ಅಂತ ಹೊರಟಿದ್ದೇವೆ. ಕಳ್ಳತನಕ್ಕೂ ಸಹಕಾರ ಸಂಘಕ್ಕೂ ಏನು ಸಂಬಂಧ ಅಂತ ಸದಸ್ಯ ಬಾಂಧವರು ಕೇಳಬಹುದು. ಸಂಬಂಧ ಇದೆ.

ಹಿಂದೆ ಹಳ್ಳಿಯ ಕಾವಲು ಹಳ್ಳಿಯದೇ ಆಗಿತ್ತು. ತಳವಾರ ಅಪರಾಧದ ಸುಳಿವು ಹಿಡಿಯಬೇಕು, ದಾರಿಹೋಕರನ್ನು ಮುಂದಿನ ಊರಿಗೆ ಕ್ಷೇಮವಾಗಿ ಮುಟ್ಟಿಸಬೇಕು. ತೋಟಿ ಬೆಳೆ ಕಾಯಬೇಕು. 1812ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಸಲ್ಲಿಸಿದ ಐದನೇ ವರದಿಯಲ್ಲಿ ಈ ಮಾತೆಲ್ಲ ಇದೆ. ಬಳ್ಳಾರಿ ಸೀಮೆಯಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಒತ್ತಾಯದಿಂದ 1816ರ ಮದರಾಸು ಕಾನೂನು ಪೊಲೀಸ್ ಕೆಲಸವನ್ನು ಪುನಃ ಊರ ಗೌಡರ ಕೈಗೆ ಕೊಟ್ಟಿತು.

ಹಂಗಂತ ಆ ಕಾಲವೇ ಚೆಂದ ಅನ್ನುವಂತಿಲ್ಲ. ಇವೆಲ್ಲ ಹುಟ್ಟಿನಿಂದ ಬಂದ ಚಾಕರಿ. ರಾತ್ರಿ ಊರು ಕಾಯ್ದವನಿಗೆ ಹಗಲು ಊರೊಳಗೆ ಜಾಗ ಇರಲಿಲ್ಲ.

ಇನ್ನೊಂದು ಮಾತು. ಕಾವಲು ಎಷ್ಟಿದ್ದರೂ ಹಸಿದ ಊರಲ್ಲಿ ಶಾಂತಿ ನಿಲ್ಲೋದಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಕಡೆಯ ರೈತರು ಸಾಹುಕಾರರ ಸಾಲಪತ್ರಗಳನ್ನು ಕಿತ್ತು ಸುಟ್ಟರು. 1876-78ರ ಧಾತು ಈಶ್ವರ ಬರದಲ್ಲಿ ಮದರಾಸು ಪ್ರಾಂತ್ಯದಲ್ಲಿ ದವಸದ ಲೂಟಿ ಹೆಚ್ಚಿತು. ಲಾಠಿಯಿಂದ ದಂಗೆ ಅಡಗಿತು, ಸಾಲ ಅಡಗಲಿಲ್ಲ. ಕಡೆಗೆ 1904ರಲ್ಲಿ ಸಹಕಾರಿ ಸಾಲದ ಕಾಯ್ದೆ ಬಂತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಸಮಯಕ್ಕೆ ಸಿಗುವ ಸಾಲವೂ ಒಂದು ಕಾವಲೇ ಅನ್ನೋದು ನಮ್ಮ ಅಭಿಪ್ರಾಯ.

ಗ್ರಾಮ ಹುದ್ದೆಗಳ ರದ್ದು ಕಾಯ್ದೆ 1963ರಲ್ಲಿ ಜಾರಿಯಾಗಿ ವಂಶಪಾರಂಪರ್ಯದ ಗೌಡಿಕೆ, ತಳವಾರಿಕೆ ಹೋದವು. ಒಳ್ಳೆಯದೇ ಆಯಿತು. 1964ರಲ್ಲಿ ಗ್ರಾಮ ರಕ್ಷಣಾ ದಳದ ಕಾಯ್ದೆ ಬಂತು. 2017ರಲ್ಲಿ ಪೊಲೀಸ್ ಇಲಾಖೆ ಊರಿನವರನ್ನೂ ಸೇರಿಸಿಕೊಂಡು ಹೊಸ ಬೀಟ್ ಪದ್ಧತಿ ತಂದಿತು.

ಆದರೆ ಕಾವಲು ಬೇರೆ, ಗುಂಪು ಬೇರೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ಸುಳ್ಳು ನಂಬಿದ ಜನ ಹೈದರಾಬಾದಿನ ಒಬ್ಬ ತರುಣನನ್ನು ಹೊಡೆದು ಕೊಂದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ದಾರಿಹೋಕನನ್ನು ಮುಂದಿನ ಊರಿಗೆ ಮುಟ್ಟಿಸುತ್ತಿದ್ದ ತಳವಾರನ ನಾಡಿನಲ್ಲಿ ಇದು ನಡೆಯಿತು.

ಈಗ ನಮ್ಮಲ್ಲೂ ಪಂಪ್‌ಸೆಟ್ಟಿನ ಕೇಬಲ್ ಹೋಗ್ತಾ ಇದೆ, ಗಸ್ತು ಮಾಡೋಣ ಅಂತ ಹುಡುಗರು ಕೇಳ್ತಿದ್ದಾರೆ. ಮಾಡಲಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನವಿಲ್ಲ. ಆದರೆ ಬೀಟ್ ಪೇದೆಗೆ ತಿಳಿಸಿ ಮಾಡಲಿ, ಎಲ್ಲ ಕೇರಿಯವರೂ ಸರದಿಯಲ್ಲಿ ಬರಲಿ. ಅನುಮಾನ ಬಂದರೆ ಫೋನು ಮಾಡಲಿ, ಕೈ ಮಾಡುವುದು ಬೇಡ. ಬೀದಿದೀಪ ಉರಿಯುವಂತೆ, ಕೂಲಿ ನಿಲ್ಲದಂತೆ ನೋಡಿಕೊಳ್ಳುವುದು ಹಿರಿಯರಾದ ನಮ್ಮ ಪಾಲಿನ ಗಸ್ತು ಎಂದು ವಿನಂತಿಸುತ್ತೇವೆ.