ಅಪ್ಪನ ತೊಟ್ಟಿ, ಮಗನ ನೈಟ್ರೇಟು

ಮುಂಬೈ ಫ್ಲ್ಯಾಟುಗಳಲ್ಲಿ ನಾಯಿ ಸಾಕಿದರೆ ಸೊಸೈಟಿಯವರ ತಕರಾರು, ಬೆಕ್ಕು ಸಾಕಿದರೆ ಪಕ್ಕದ ಮನೆಯವರ ತಕರಾರು. ನಮ್ಮಂಥವರ ಪಾಲಿಗೆ ಉಳಿಯುವುದು ಮೀನು. ಹಾಲ್‌ನ ಮೂಲೆಯಲ್ಲೊಂದು ಗಾಜಿನ ತೊಟ್ಟಿ. ಸ್ವಲ್ಪ ದೊಡ್ಡದಾದರೆ ಅದರ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ. ಈ ಎರಡನೆಯದಕ್ಕೆ ಸಂಪ್ ಅನ್ನುತ್ತಾರೆ. (ಊರಮನೆಯ ಅಂಗಳದಲ್ಲಿ ನಲ್ಲಿ ನೀರು ತುಂಬಿಸಿಡುತ್ತೇವಲ್ಲ, ಆ ಸಂಪ್ ಅಲ್ಲ ಮತ್ತೆ!) ಮೇಲಿನ ನೀರು ಇಲ್ಲಿಗಿಳಿದು, ಸೋಸಿಕೊಂಡು, ಪಂಪಿನ ಮೂಲಕ ವಾಪಸು ಹೋಗುತ್ತದೆ. ಈ ಸಂಪಿನೊಳಕ್ಕೆ ಮನಿಪ್ಲಾಂಟಿನ ಬೇರು ಇಳಿಬಿಡುವವರಿದ್ದಾರೆ. ಕೇಳಿದರೆ, 'ನೈಟ್ರೇಟ್ ಕಡಿಮೆಯಾಗುತ್ತೆ' ಅನ್ನುತ್ತಾರೆ. ಮಾತು ನಿಜ. ಆದರೆ ಈ ನೈಟ್ರೇಟಿನ ಹಿಂದೆ ಒಬ್ಬ ಅಪ್ಪ ಮತ್ತು ಒಬ್ಬ ಮಗನ ಕಥೆ ಇದೆ ಅನ್ನುವುದು ಹೆಚ್ಚು ಜನರಿಗೆ ಗೊತ್ತಿಲ್ಲ.

ಅಪ್ಪನ ಹೆಸರು ರಾಬರ್ಟ್ ವಾರಿಂಗ್ಟನ್. ಲಂಡನ್ನಿನ ಅಪಾಥಿಕರೀಸ್ ಹಾಲ್‌ನಲ್ಲಿ ರಸಾಯನ ವಿಜ್ಞಾನಿ. ಮುಚ್ಚಿದ ಜಾಡಿಯಲ್ಲಿ ಮೇಣದಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನದ ಗಿಡ ಸರಿಮಾಡುತ್ತದೆ ಅಂತ ಜೋಸೆಫ್ ಪ್ರೀಸ್ಟ್ಲಿ 1771ರಲ್ಲೇ ಕಂಡಿದ್ದರು. ಅದಕ್ಕೆ ಬಿಸಿಲು ಬೇಕು ಅಂತ 1779ರಲ್ಲಿ ಇಂಗೆನ್‌ಹೌಸ್ ತೋರಿಸಿದರು. ಹಾಗಿದ್ದರೆ ನೀರಿನಲ್ಲೂ ಹೀಗೇ ಆಗಬೇಕಲ್ಲ? ವಾರಿಂಗ್ಟನ್ ಸುಮಾರು 12 ಗ್ಯಾಲನ್ನಿನ (50 ಲೀಟರಿಗೂ ಮೀರಿದ) ಗಾಜಿನ ಪಾತ್ರೆಯಲ್ಲಿ ಎರಡು ಪುಟ್ಟ ಗೋಲ್ಡ್‌ಫಿಶ್ ಬಿಟ್ಟು, ರಿಬ್ಬನ್ನಿನಂಥ ಎಲೆಯ ವ್ಯಾಲಿಸ್ನೇರಿಯ ಗಿಡ ನೆಟ್ಟರು. ಮೀನು ಬಿಟ್ಟ ಇಂಗಾಲಾಮ್ಲವನ್ನು ಗಿಡ ಹೀರಿ ಆಮ್ಲಜನಕ ಕೊಡುತ್ತದೆ ಅನ್ನುವುದು ಅವರ ಲೆಕ್ಕ. ಕೆಲವು ದಿನ ಚೆನ್ನಾಗಿತ್ತು. ಆಮೇಲೆ ಹಳೆ ಎಲೆಗಳು ಕೊಳೆತು ನೀರು ಕದಡಿತು. ಅದನ್ನು ತಿನ್ನಲು ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟರು, ನೀರು ತಿಳಿಯಾಯಿತು. 1850ರಲ್ಲಿ ಇದನ್ನು ಕೆಮಿಕಲ್ ಸೊಸೈಟಿಯ ಮುಂದಿಟ್ಟರು. ಅಕ್ವೇರಿಯಂ ಹುಚ್ಚು ಹಬ್ಬಿದ್ದು ಆಮೇಲೆ. 1853ರಲ್ಲಿ ಲಂಡನ್ ಝೂನಲ್ಲಿ ಮೀನಿನ ಮನೆ ತೆರೆಯಿತು, 1854ರಲ್ಲಿ ಫಿಲಿಪ್ ಗಾಸ್ ಅವರ 'ದಿ ಅಕ್ವೇರಿಯಂ' ಪುಸ್ತಕ ಬಂತು.

ಅಪ್ಪ ಆ ವರದಿ ಓದಿದಾಗ ಮಗನಿಗೆ ಹನ್ನೊಂದು ವರ್ಷ. ಅವನ ಹೆಸರೂ ರಾಬರ್ಟ್ ವಾರಿಂಗ್ಟನ್ನೇ! ಅವನು ದೊಡ್ಡವನಾಗಿ ಹಿಡಿದದ್ದು ಮೀನನ್ನಲ್ಲ, ಹೊಲದ ಮಣ್ಣನ್ನು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್, ಚರಂಡಿ ನೀರನ್ನು ಮರಳಿನ ಮೂಲಕ ಇಳಿಸಿ, ಅದರ ಅಮೋನಿಯ ನೈಟ್ರೇಟ್ ಆಗುವುದನ್ನು ನೋಡಿದರು. ಕ್ಲೋರೋಫಾರ್ಮ್ ಹಾಯಿಸಿದರೆ ಕೆಲಸ ನಿಂತುಹೋಗುತ್ತಿತ್ತು. ಅಂದರೆ ಇದು ಜೀವಿಗಳ ಕೆಲಸ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಗ ವಾರಿಂಗ್ಟನ್ ಅದರ ಬೆನ್ನುಹತ್ತಿದರು. ಇದು ಒಂದಲ್ಲ, ಎರಡು ಮೆಟ್ಟಿಲು ಅಂತ ತೋರಿಸಿದರು: ಒಂದು ಬಗೆಯ ಜೀವಿ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಆ ಜೀವಿಗಳನ್ನು ಬೇರ್ಪಡಿಸಿ ಬೆಳೆಸಲು ಮಾತ್ರ ಅವರಿಂದಾಗಲಿಲ್ಲ. ಅದು 1890ರಲ್ಲಿ ವಿನೊಗ್ರಾಡ್‌ಸ್ಕಿಗೆ ಒಲಿಯಿತು.

ಈಗ ಎರಡನ್ನೂ ಜೋಡಿಸಿ ನೋಡಿ. ಮಗ ಕಂಡ ಅದೇ ಎರಡು ಮೆಟ್ಟಿಲಿನ ಕೆಲಸ ಮಾಡುವ ಜೀವಿಗಳು ಇವತ್ತು ನಮ್ಮ ಫಿಲ್ಟರಿನ ಸ್ಪಂಜಿನಲ್ಲೂ ಕೂತಿವೆ. ಹೊಲದಲ್ಲಿ ನೈಟ್ರೇಟ್ ಮಳೆನೀರಿನಲ್ಲಿ ತೊಳೆದುಹೋಗುತ್ತದಲ್ಲ ಅನ್ನುವುದು ರೈತನ ಚಿಂತೆ. ತೊಟ್ಟಿಯಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲವಲ್ಲ ಅನ್ನುವುದು ನಮ್ಮ ಚಿಂತೆ! ಅಪ್ಪನ ಪಾತ್ರೆಯ ಗಿಡ ಎರಡು ಕೆಲಸ ಮಾಡುತ್ತಿತ್ತು, ಆಮ್ಲಜನಕ ಕೊಡುವುದು ಮತ್ತು ಸಾರಜನಕ ಹೀರುವುದು. ಹೆಸರು ಬಂದದ್ದು ಮೊದಲನೆಯದಕ್ಕೆ ಮಾತ್ರ. ಹಾಗಾಗಿ ಕರೆಂಟಿನ ಏರ್ ಪಂಪ್ ಬಂದಾಗ ಗಿಡದ ಕೆಲಸ ಹೋಯಿತು, ಎಷ್ಟೋ ತೊಟ್ಟಿಗಳಲ್ಲಿ ಆ ಜಾಗಕ್ಕೆ ಪ್ಲಾಸ್ಟಿಕ್ ಗಿಡ ಬಂತು. ನೀರೇನೋ ಕನ್ನಡಿಯಂತೆ ಕಾಣುತ್ತದೆ. ಆದರೆ ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅಮೋನಿಯದಂತೆ ಥಟ್ಟನೆ ಕೊಲ್ಲದಿದ್ದರೂ ತಿಂಗಳುಗಟ್ಟಲೆ ಏರುತ್ತಾ ಮೀನನ್ನು ಬಳಲಿಸುತ್ತದೆ, ಪಾಚಿಯನ್ನು ಕೊಬ್ಬಿಸುತ್ತದೆ.

ಹೋದ ಗಿಡ ಹಿಂಬಾಗಿಲಿನಿಂದ ವಾಪಸು ಬಂತು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಏಡಿ, ಹವಳದ ದಿಬ್ಬದ ತೊಟ್ಟಿಯ ನೀರನ್ನು ಪಕ್ಕದಲ್ಲೇ ಪಾಚಿ ಬೆಳೆದ ಜಾಲರಿಯ ಮೇಲೆ, ದೀಪದ ಬೆಳಕಿನಲ್ಲಿ ಹರಿಸಿದರು. ಪಾಚಿ ಬೆಳೆದಂತೆಲ್ಲ ಕೆರೆದು ತೆಗೆಯುವುದು. 1982ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. ನಮ್ಮ ಸಂಪಿನ ಮನಿಪ್ಲಾಂಟು ಇದರ ಬಡ ನೆಂಟ ಅನ್ನಬಹುದು. ಎಲೆ ಗಾಳಿಯಲ್ಲಿರುವುದರಿಂದ ಇಂಗಾಲಕ್ಕೆ ಬರವಿಲ್ಲ, ಬೇರು ನೀರಿನಲ್ಲಿರುವುದರಿಂದ ಸಾರಜನಕಕ್ಕೂ ಬರವಿಲ್ಲ. ಸಂಪಿನಲ್ಲಿದ್ದರೆ ಮೀನುಗಳು ಗಿಡವನ್ನು ಕಚ್ಚುವುದಿಲ್ಲ. ಮನಿಪ್ಲಾಂಟಿನಲ್ಲಿ ಬಾಯಿ ತುರಿಸುವ ಆಕ್ಸಲೇಟ್ ಹರಳುಗಳಿರುವುದರಿಂದ ಅದೂ ಒಳ್ಳೆಯದೇ.

ಆದರೆ ಒಂದು ಬಳ್ಳಿ ಇಳಿಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ. ಒಂದು ಸಣ್ಣ ಲೆಕ್ಕ ಹಾಕೋಣ. 100 ಲೀಟರ್ ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ನೈಟ್ರೇಟ್ ಇದ್ದರೆ ಒಟ್ಟು 4 ಗ್ರಾಂ, ಅದರಲ್ಲಿ ಸಾರಜನಕ ಸುಮಾರು 0.9 ಗ್ರಾಂ. ಒಣಗಿದ ಎಲೆಯಲ್ಲಿ ನೂರಕ್ಕೆ 3ರಷ್ಟು ಸಾರಜನಕ ಅಂತ ಹಿಡಿದರೆ 30 ಗ್ರಾಂ ಒಣ ಎಲೆ, ಅಂದರೆ ಹೆಚ್ಚುಕಡಿಮೆ 300 ಗ್ರಾಂ ಹಸಿ ಬಳ್ಳಿ ಹೊಸದಾಗಿ ಬೆಳೆಯಬೇಕು. ಅಷ್ಟರಲ್ಲಿ ನೀವು ದಿನಾ ಮೀನಿಗೆ ಹಾಕುವ ಕಾಳಿನಿಂದ ಇನ್ನಷ್ಟು ಸೇರಿರುತ್ತದೆ. ಆದ್ದರಿಂದ ಕಪಾಟು ಕತ್ತಲಾಗಿದ್ದರೆ ದೀಪ ಹಾಕಿ, ಎಲೆಗಳನ್ನು ಹೊರಗೆ ಬೆಳಕಿಗೆ ಬಿಡಿ, ಬೇರು ಪಂಪಿಗೆ ಸಿಕ್ಕಿಕೊಳ್ಳದಂತೆ ಜಾಲರಿ ಕಟ್ಟಿ, ವಾರವಾರ ಸ್ವಲ್ಪ ನೀರು ಬದಲಿಸುವುದನ್ನೂ ನಿಲ್ಲಿಸಬೇಡಿ.

ಮುಖ್ಯವಾಗಿ, ಬೆಳೆದದ್ದನ್ನು ಕತ್ತರಿಸಿ ಹೊರಗೆ ತೆಗೆಯಿರಿ. ಗಿಡ ಕುಡಿದ ನೈಟ್ರೇಟ್ ಮನೆಯಿಂದ ಹೊರಬೀಳುವುದು ಆಗಲೇ. ಎಲೆ ಅಲ್ಲೇ ಉದುರಿ ಕೊಳೆತರೆ ಎಲ್ಲ ಮತ್ತೆ ನೀರಿಗೇ. ಕೊಳೆತ ಎಲೆ ನೀರು ಕೆಡಿಸುತ್ತದೆ ಅಂತ ಅಪ್ಪ ವಾರಿಂಗ್ಟನ್ 1850ರಲ್ಲೇ ಹೇಳಿದ್ದರು. ಕತ್ತರಿಸಿದ ಬಳ್ಳಿಯನ್ನು ಗ್ಯಾಲರಿಯ ಕುಂಡಕ್ಕೆ ನೆಡಿ, ಇಲ್ಲವೇ ಪಕ್ಕದ ಮನೆಯವರಿಗೆ ಕೊಡಿ. ಅವರಿಗೂ ಒಂದು ತೊಟ್ಟಿ ಇದ್ದೀತು!