ಬೆಳ್ಳಿಗಿಂತ ದುಬಾರಿಯಾಗಿದ್ದ ಅಲ್ಯೂಮಿನಿಯಮ್

ನಿಮ್ಮ ಅಡುಗೆಮನೆಯ ಅಲ್ಯೂಮಿನಿಯಮ್ ಪಾತ್ರೆಯನ್ನು ನೋಡಿ. 19ನೆಯ ಶತಮಾನದ ನಡುವಿನಲ್ಲಿ ಈ ಲೋಹ ಬೆಳ್ಳಿಗಿಂತ ದುಬಾರಿ! ಭೂಮಿಯ ಚಿಪ್ಪಿನಲ್ಲಿ ಶೇ. 8ರಷ್ಟಿದ್ದರೂ ಹೀಗೇಕೆ? ಬಾಕ್ಸೈಟ್ ಅದಿರಿನಿಂದ ಪಡೆದ ಅಲ್ಯೂಮಿನವನ್ನು ಕರಗಿಸಲು 2000° ಸೆ.ಗೂ ಹೆಚ್ಚಿನ ಉಷ್ಣತೆ ಬೇಕು. ಘನರೂಪದಲ್ಲಿ ಅದರ ವಿದ್ಯುದ್ವಿಭಜನೆ ಆಗದು.

1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನ ಪಾಲ್ ಎರೂ, ಪರಸ್ಪರ ಅರಿಯದೆಯೇ, ಒಂದೇ ಉಪಾಯ ಕಂಡುಕೊಂಡರು. ಇಬ್ಬರೂ 1863ರಲ್ಲಿ ಹುಟ್ಟಿದವರು. ಕರಗಿದ ಕ್ರಯೊಲೈಟಿನಲ್ಲಿ ಅಲ್ಯೂಮಿನ ಸುಮಾರು 1000° ಸೆ.ನಲ್ಲೇ ಲೀನವಾಗುತ್ತದೆ. ವಿದ್ಯುತ್ ಹರಿಸಿದಾಗ ದ್ರವಲೋಹ ತಳದಲ್ಲಿ ಸಂಗ್ರಹವಾಗುತ್ತದೆ. ಆಕ್ಸಿಜನ್ ಕಾರ್ಬನ್ ಧನಾಗ್ರದೊಡನೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ.

ಲೋಹ ಅಗ್ಗವಾಯಿತು. ಆದರೆ ಇಂದಿಗೂ ಕಿಲೋಗ್ರಾಮಿಗೆ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಹಳೆಯ ಲೋಹವನ್ನು ಮತ್ತೆ ಕರಗಿಸಲು ಹೊಸದರ ತಯಾರಿಕೆಗೆ ಬೇಕಾದ ಶಕ್ತಿಯ ಶೇ. 5ರಷ್ಟು ಸಾಕು. ಒಡೆದ ಪಾತ್ರೆಯನ್ನು ಕಸಕ್ಕೆ ಎಸೆಯದಿರಿ, ಗುಜರಿಗೆ ಕೊಡಿ.